ಶಾಫ್ಟ್ ಮುರಿದಿದ್ದು ತಿರುಚಿಯೋ, ಬಾಗಿಯೋ? ಲೆಕ್ಕ ಹಾಕೋದು ಹೀಗೆ

ಬ್ಯಾಡಗಿಯಲ್ಲಿ ನಮ್ಮ ಸೋದರಮಾವನ ಖಾರದ ಗಿರಣಿ ಇದೆ. ಒಂದೇ ಸೀಸನ್‌ನಲ್ಲಿ ಅಲ್ಲಿನ ಶಾಫ್ಟ್ (ಬೆಲ್ಟಿನಿಂದ ತಿರುಗುವ ಉಕ್ಕಿನ ದುಂಡು ಸರಳು) ಎರಡು ಸಲ ಮುರಿಯಿತು. ಮೊದಲನೇ ಸಲ ನಾನು ಜಾಸ್ತಿ ತಲೆ ಕೆಡಿಸಿಕೊಳ್ಳಲಿಲ್ಲ. ಹುಬ್ಬಳ್ಳಿ ಗೋಕುಲ ರಸ್ತೆಯ ನಮ್ಮ ಲೇಥ್‌ನಲ್ಲಿ ಅದೇ 35 ಮಿ.ಮೀ. ಅಳತೆಯ ಇನ್ನೊಂದು ಶಾಫ್ಟ್ ಮಾಡಿ ಬಸ್ಸಿಗೆ ಹಾಕಿ ಕಳಿಸಿದೆ. ಎರಡನೇ ಸಲ ಮಾವ ಫೋನ್ ಮಾಡಿದ: "ಅಳಿಯಾ, ಮತ್ತ ಮುರೀತು ನೋಡಪಾ. ಲೋಡ್ ಭಾಳ ಆಗೈತೇನ?"

ಲೋಡ್ ಜಾಸ್ತಿ ಆಯ್ತು, ತಿರುಚಿ ಮುರೀತು ಅನ್ನೋದು ಎಲ್ಲರೂ ಹೇಳೋ ಮಾತು. ಮುರಿದ ತುಂಡು ತರಿಸಿ ನೋಡಿದೆ. ಕತೆ ಬೇರೆಯೇ ಇತ್ತು.

ನಿಮ್ಮ ಕೈಗೂ ಇಂಥ ತುಂಡು ಬಂದರೆ ಮೊದಲು ಕ್ಯಾಲ್ಕುಲೇಟರ್ ಹಿಡಿಯಬೇಡಿ, ತುಂಡನ್ನೇ ನೋಡಿ. ಶಾಫ್ಟ್ ಉದ್ದಕ್ಕೆ ಕೊರೆದ ಕೀವೇ (ಪುಲ್ಲಿ ಜಾರದಂತೆ ಕೀ ಕೂರಿಸುವ ಕಾಲುವೆ) ಇರುತ್ತಲ್ಲ, ಅದು ನೆಟ್ಟಗಿದೆಯಾ ಇಲ್ಲಾ ಹಗ್ಗದ ಹುರಿಯ ಹಾಗೆ ಸುತ್ತಿಕೊಂಡಿದೆಯಾ? ಮೈಲ್ಡ್ ಸ್ಟೀಲ್ ಒಂದೇ ಏಟಿಗೆ ತಿರುಚಿ ಮುರಿಯುವ ಮುಂಚೆ ಸಾಕಷ್ಟು ತಿರುಚಿಕೊಳ್ಳುತ್ತೆ, ಕೀವೇನೂ ಅದರ ಜೊತೆ ಸುತ್ತುತ್ತೆ. ಮಾವನ ಶಾಫ್ಟಿನದು ನೆಟ್ಟಗಿತ್ತು. ಮುರಿದ ಮುಖದ ಮುಕ್ಕಾಲು ಭಾಗ ನುಣ್ಣಗೆ, ಕಪ್ಪೆಚಿಪ್ಪಿನ ಮೇಲಿರುವಂಥ ಗೆರೆಗಳು. ಉಳಿದ ಕಾಲು ಭಾಗ ಒಡೆದ ಬೆಲ್ಲದ ಪೆಂಟಿಯ ಹಾಗೆ ಒರಟು. ಅಂದ್ರೆ ಬಿರುಕು ದಿನಾ ಸ್ವಲ್ಪ ಸ್ವಲ್ಪ ಬೆಳೆದು, ಕೊನೆಗೆ ಉಳಿದಷ್ಟು ಭಾಗ ತಡೆಯಲಾರದೆ ಪಟ್ ಅಂದಿದೆ. ಇದಕ್ಕೆ ಫಟೀಗ್ ಅಂತಾರೆ. ಗೆರೆಗಳೆಲ್ಲ ಹೊರಟಿದ್ದು ಕೀವೇಯ ಮೂಲೆಯಿಂದ, ಅದೂ ಬೇರಿಂಗ್ ಪಕ್ಕದಲ್ಲೇ.

ಈಗ ಲೆಕ್ಕ. ಮೋಟರ್ 10 ಎಚ್‌ಪಿ, ಅಂದಾಜು 7.5 ಕಿಲೋವ್ಯಾಟ್. ಅದರ ವೇಗ ನಿಮಿಷಕ್ಕೆ 1440 ಸುತ್ತು. ಮೋಟರ್ ಪುಲ್ಲಿ 125 ಮಿ.ಮೀ., ಶಾಫ್ಟ್ ಪುಲ್ಲಿ 300 ಮಿ.ಮೀ., ಹಾಗಾಗಿ ಶಾಫ್ಟ್ 600 ಸುತ್ತು ತಿರುಗುತ್ತೆ. ಟಾರ್ಕ್ (ಶಾಫ್ಟನ್ನು ತಿರುಚುವ ಬಲ) ಬೇಕಂದ್ರೆ ಕಿಲೋವ್ಯಾಟನ್ನು 9550ರಿಂದ ಗುಣಿಸಿ, ಸುತ್ತಿನ ಸಂಖ್ಯೆಯಿಂದ ಭಾಗಿಸಿ. 9550 ಗುಣಿಸು 7.5 ಭಾಗಿಸು 600, ಬಂದಿದ್ದು 119.4 ನ್ಯೂಟನ್ ಮೀಟರ್. ಇಲ್ಲಿ ಮೋಟರಿನ ವೇಗ ಹಾಕಿ ಕೆಡಿಸಿಕೊಳ್ಳುವವರು ತುಂಬಾ ಜನ. ಯಾವ ಶಾಫ್ಟ್ ಲೆಕ್ಕ ಮಾಡ್ತಿದ್ದೀರೋ ಅದರದ್ದೇ ವೇಗ ಹಾಕಬೇಕು.

ಬಹಳ ಹುಡುಗರು ಇಲ್ಲಿಗೇ ನಿಲ್ಲಿಸ್ತಾರೆ. ಗಟ್ಟಿ ದುಂಡು ಶಾಫ್ಟಿನ ಮೇಲ್ಮೈಯಲ್ಲಿ ಶಿಯರ್ ಸ್ಟ್ರೆಸ್ (ಲೋಹದ ಪದರಗಳನ್ನು ಒಂದರ ಮೇಲೊಂದು ಜಾರಿಸುವ ಒತ್ತಾಯ) ಅಂದ್ರೆ ಟಾರ್ಕಿನ 16 ಪಟ್ಟನ್ನು, ಪೈ ಗುಣಿಸು ವ್ಯಾಸದ ಘನದಿಂದ ಭಾಗಿಸಿದ್ದು. ಟಾರ್ಕನ್ನು ನ್ಯೂಟನ್ ಮಿಲಿಮೀಟರ್‌ಗೆ ತಂದುಕೊಳ್ಳಿ (1,19,400), ಉತ್ತರ ನೇರವಾಗಿ ಮೆಗಾಪ್ಯಾಸ್ಕಲ್‌ನಲ್ಲೇ (ಚದರ ಮಿ.ಮೀ.ಗೆ ಇಷ್ಟು ನ್ಯೂಟನ್) ಬರುತ್ತೆ. 35 ಮಿ.ಮೀ.ಗೆ ಬಂದಿದ್ದು 14.2. ಇಷ್ಟಕ್ಕೆಲ್ಲ ಯಾವ ಶಾಫ್ಟೂ ಮುರಿಯಲ್ಲ. ಮೀಟರ್ ಉದ್ದಕ್ಕೆ ತಿರುಚೋದೂ ಅರ್ಧ ಡಿಗ್ರಿಗಿಂತ ಚೂರು ಜಾಸ್ತಿ, ಅಷ್ಟೇ. ಅಂದಹಾಗೆ ಈ ಸೂತ್ರ ದುಂಡು ಶಾಫ್ಟಿಗೆ ಮಾತ್ರ. ಚೌಕ ಸರಳಿಗೆ ಇದನ್ನು ಹಾಕಬೇಡಿ. ಅದರಲ್ಲಿ ಸ್ಟ್ರೆಸ್ ಜಾಸ್ತಿ ಇರೋದು ಮೂಲೆಯಲ್ಲಲ್ಲ, ಬದಿಯ ನಡುವೆ. 1855ರಲ್ಲೇ ಫ್ರೆಂಚ್ ಎಂಜಿನಿಯರ್ ಸೇಂಟ್ ವೆನಂಟ್ ಇದನ್ನು ತೋರಿಸಿದ್ದಾರೆ.

ಹಾಗಾದ್ರೆ ಮುರಿದಿದ್ದು ಯಾಕೆ? ಬೆಲ್ಟ್ ಶಾಫ್ಟನ್ನು ತಿರುಗಿಸೋದಷ್ಟೇ ಅಲ್ಲ, ತನ್ನ ಕಡೆಗೆ ಜಗ್ಗುತ್ತೆ ಕೂಡ. ಬೆಲ್ಟಿನ ಒಂದು ಬದಿ ಬಿಗಿ, ಇನ್ನೊಂದು ಸಡಿಲ. ಟಾರ್ಕ್ ಬರೋದು ಎರಡರ ವ್ಯತ್ಯಾಸದಿಂದ. ಶಾಫ್ಟನ್ನು ಬಾಗಿಸೋದು ಎರಡರ ಮೊತ್ತ. ಇದೊಂದು ತಲೆಯಲ್ಲಿ ಕೂತರೆ ಉಳಿದಿದ್ದು ಬರೀ ಅಂಕಗಣಿತ.

119.4ನ್ನು ಪುಲ್ಲಿಯ ತ್ರಿಜ್ಯ 0.15 ಮೀಟರ್‌ನಿಂದ ಭಾಗಿಸಿದರೆ ವ್ಯತ್ಯಾಸ 796 ನ್ಯೂಟನ್. ಬಿಗಿ ಬದಿ ಸಡಿಲ ಬದಿಯ ಮೂರು ಪಟ್ಟು ಅಂತ ಹಿಡಿಯೋಣ. ಆಗ ಸಡಿಲ ಬದಿ 398, ಬಿಗಿ ಬದಿ 1194, ಮೊತ್ತ 1592 ನ್ಯೂಟನ್. ಪುಲ್ಲಿ ಬೇರಿಂಗಿನ ಆಚೆ 150 ಮಿ.ಮೀ. ಹೊರಗೆ ನೇತಾಡ್ತಿತ್ತು. ಹಾಗಾಗಿ ಬೇರಿಂಗ್ ಹತ್ತಿರ ಬೆಂಡಿಂಗ್ ಮೊಮೆಂಟ್ (ಬಾಗಿಸುವ ಬಲ ಗುಣಿಸು ದೂರ) 1592 ಗುಣಿಸು 0.15, ಅಂದ್ರೆ 238.8 ನ್ಯೂಟನ್ ಮೀಟರ್. ಟಾರ್ಕಿನ ಸರಿಯಾಗಿ ಎರಡು ಪಟ್ಟು! ಪುಲ್ಲಿಯ ತೂಕ ಎಲ್ಲಿ ಹೋಯ್ತು ಅಂತೀರಾ? ಬೆಲ್ಟ್ ಅಡ್ಡಕ್ಕೆ ಜಗ್ಗುತ್ತೆ, ತೂಕ ಕೆಳಕ್ಕೆ. ಹಾಗಾಗಿ ಎರಡನ್ನೂ ವರ್ಗ ಮಾಡಿ ಕೂಡಿಸಿ ವರ್ಗಮೂಲ ತೆಗೀಬೇಕು. 15 ಕೆಜಿ ಪುಲ್ಲಿಗೆ 1592 ಹೋಗಿ 1599 ಆಗುತ್ತೆ. ಬಿಟ್ಟುಬಿಡಿ.

ಬಾಗುವಿಕೆಯ ಸ್ಟ್ರೆಸ್ಸಿಗೂ ಅದೇ ಸೂತ್ರ, ಆದ್ರೆ ಟಾರ್ಕಿನ ಬದಲು ಮೊಮೆಂಟ್, 16ರ ಬದಲು 32. ಬಂದಿದ್ದು 56.7 ಮೆಗಾಪ್ಯಾಸ್ಕಲ್. ಶಾಫ್ಟ್ ಒಂದು ಸುತ್ತು ಸುತ್ತುವಷ್ಟರಲ್ಲಿ ಮೇಲ್ಮೈಯ ಅದೇ ಜಾಗ ಒಮ್ಮೆ ಎಳೆಸಿಕೊಳ್ಳುತ್ತೆ, ಒಮ್ಮೆ ಒತ್ತಿಸಿಕೊಳ್ಳುತ್ತೆ. ನಿಮಿಷಕ್ಕೆ 600 ಸಲ, ಎಂಟು ಗಂಟೆಗೆ 2 ಲಕ್ಷ 88 ಸಾವಿರ ಸಲ, ನಾಲ್ಕು ದಿನ ಗಿರಣಿ ನಡೆದರೆ 11 ಲಕ್ಷ ದಾಟುತ್ತೆ. ತಂತಿಯನ್ನು ಆಕಡೆ ಈಕಡೆ ಬಾಗಿಸಿ ಮುರೀತೀವಲ್ವಾ, ಹಾಗೇ. ಟಾರ್ಕ್ ಮಾತ್ರ ಪಾಪ, ಒಂದೇ ದಿಕ್ಕಿಗೆ ತಣ್ಣಗೆ ಕೂತಿರುತ್ತೆ.

ಈಗ ಎರಡನ್ನೂ ಸೇರಿಸಬೇಕು. 56.7 ಮತ್ತು 14.2 ಕೂಡಿಸಿ 71 ಅಂತ ಬರೆದರೆ ಅದು ಅಕ್ಕಿಗೆ ಎಣ್ಣೆ ಕೂಡಿಸಿದ ಹಾಗೆ. ಒಂದು ಎಳೆಯುವ ಸ್ಟ್ರೆಸ್, ಇನ್ನೊಂದು ಜಾರಿಸುವ ಸ್ಟ್ರೆಸ್. 1882ರಲ್ಲಿ ಜರ್ಮನ್ ಎಂಜಿನಿಯರ್ ಓಟೋ ಮೋರ್ ಕೊಟ್ಟ ವೃತ್ತ ಬರೆದುಕೊಳ್ಳಿ. ಬಾಗುವ ಸ್ಟ್ರೆಸ್ಸಿನ ಅರ್ಧ, ಅಂದ್ರೆ 28.4, ವೃತ್ತದ ಕೇಂದ್ರ. ಆ 28.4ರ ವರ್ಗಕ್ಕೆ 14.2ರ ವರ್ಗ ಕೂಡಿಸಿ ವರ್ಗಮೂಲ ತೆಗೆದರೆ ತ್ರಿಜ್ಯ, 31.7. ಕೇಂದ್ರಕ್ಕೆ ತ್ರಿಜ್ಯ ಕೂಡಿಸಿ: ಅತಿ ಜಾಸ್ತಿ ಎಳೆತ 60.1. ಕಳೆಯಿರಿ: ಇನ್ನೊಂದು ಕಡೆ 3.3ರಷ್ಟು ಒತ್ತಡ. ಅತಿ ಜಾಸ್ತಿ ಶಿಯರ್ ಅಂದ್ರೆ ತ್ರಿಜ್ಯವೇ, 31.7. ಬರೀ ಟಾರ್ಕ್ ನೋಡಿದಾಗ 14.2 ಇತ್ತು, ನೆನಪಿದೆಯಲ್ವಾ?

ಆ ಅತಿ ಜಾಸ್ತಿ ಎಳೆತ ಶಾಫ್ಟಿನ ಉದ್ದಕ್ಕಿಂತ ಎಷ್ಟು ವಾಲಿದೆ ಅನ್ನೋ ಕೋನವನ್ನೂ ತೆಗೀರಿ, ಪರೀಕ್ಷೆಗೆ ಅಂತ ಅಲ್ಲ. ಬಿರುಕು ಹೋಗೋದು ಆ ಎಳೆತಕ್ಕೆ ಅಡ್ಡಲಾಗಿ. ಟಾರ್ಕನ್ನು ಮೊಮೆಂಟ್‌ನಿಂದ ಭಾಗಿಸಿದರೆ ಇಮ್ಮಡಿ ಕೋನದ ಟ್ಯಾನ್ ಸಿಗುತ್ತೆ. ಇಲ್ಲಿ ಅರ್ಧ. ಕೋನ ಸುಮಾರು 13 ಡಿಗ್ರಿ. ಬರೀ ತಿರುಚಿದರೆ ಇದು 45 ಆಗುತ್ತೆ. ಒಂದು ಚಾಕ್‌ಪೀಸ್ ತಗೊಂಡು ಎರಡೂ ತುದಿ ಹಿಡಿದು ತಿರುಚಿ ನೋಡಿ, 45 ಡಿಗ್ರಿಗೆ ಸುರುಳಿಯಾಗಿ ಒಡೆಯುತ್ತೆ. ಬಾಗಿಸಿದರೆ ನೇರ ಅಡ್ಡಕ್ಕೆ ಒಡೆಯುತ್ತೆ. ಮಾವನ ಶಾಫ್ಟಿನ ಬಿರುಕು ಹೆಚ್ಚುಕಡಿಮೆ ಅಡ್ಡಕ್ಕೇ ಹೋಗಿತ್ತು. ತುಂಡು ಹೇಳಿದ್ದೂ ಲೆಕ್ಕ ಹೇಳಿದ್ದೂ ಒಂದೇ.

ದಿನಾ ಕೆಲಸಕ್ಕೆ ಮೋರ್ ವೃತ್ತ ಬರೀತಾ ಕೂರೋದು ಬೇಡ, ಸುಲಭದ ದಾರಿ ಇದೆ. ಮೊಮೆಂಟ್ ಮತ್ತು ಟಾರ್ಕನ್ನು ವರ್ಗ ಮಾಡಿ, ಕೂಡಿಸಿ, ವರ್ಗಮೂಲ ತೆಗೆದು, ಅದನ್ನೇ ಒಂದು ದೊಡ್ಡ ಟಾರ್ಕ್ ಅಂತ ತಿಳಿದು 16ರ ಸೂತ್ರಕ್ಕೆ ಹಾಕಿ. ಇದು ಸಮಾನ ಟಾರ್ಕ್. ಆದ್ರೆ ಗಿರಣಿಯಲ್ಲಿ ಹೊಡೆತ ಇರುತ್ತೆ, ಅದಕ್ಕೆ ವರ್ಗ ಮಾಡುವ ಮುಂಚೆ ಮೊಮೆಂಟನ್ನು 2ರಿಂದ, ಟಾರ್ಕನ್ನು 1.5ರಿಂದ ಗುಣಿಸಿಕೊಳ್ತೀನಿ. 477.6 ಮತ್ತು 179.1, ಸೇರಿ 510. ಶಿಯರ್ 60.6 ಮೆಗಾಪ್ಯಾಸ್ಕಲ್. ಸಾಮಾನ್ಯ ಶಾಫ್ಟ್ ಸ್ಟೀಲಿಗೆ ಹಳೇ ಎಎಸ್‌ಎಂಇ (ಅಮೆರಿಕದ ಮೆಕ್ಯಾನಿಕಲ್ ಎಂಜಿನಿಯರ್‌ಗಳ ಸಂಘ) ಕೋಡ್ ಪ್ರಕಾರ 56ರವರೆಗೆ ಹೋಗಬಹುದು, ಕೀವೇ ಇದ್ದರೆ ಅದರಲ್ಲಿ ಕಾಲು ಭಾಗ ಕಡಿಮೆ, ಅಂದ್ರೆ 42. ಅಂದ್ರೆ 35 ಮಿ.ಮೀ. ಶಾಫ್ಟ್ ಹುಟ್ಟಿದ ದಿನವೇ ಫೇಲ್. ಅದನ್ನೇ ನಾನು ಎರಡನೇ ಸಲವೂ ಮಾಡಿ ಕಳಿಸಿದ್ದೆ!

ದಪ್ಪ ಮಾಡೋಣ ಅಂದ್ರೆ, ಸೂತ್ರ ತಿರುಗಿಸಿದರೆ 39.6 ಬರುತ್ತೆ, 40 ಮಿ.ಮೀ. ಹಾಕಬೇಕು. ಐದೇ ಮಿಲಿಮೀಟರ್, ಆದ್ರೂ ವ್ಯಾಸದ ಘನ ಲೆಕ್ಕಕ್ಕೆ ಬರೋದ್ರಿಂದ ತಾಕತ್ತು ಒಂದೂವರೆ ಪಟ್ಟು. ಆದ್ರೆ ಯುಸಿಪಿ 207 ಬೇರಿಂಗ್ ತೆಗೆದು 208 ಹಾಕಬೇಕು (ಕೊನೆಯ ಎರಡಂಕಿಯನ್ನು ಐದರಿಂದ ಗುಣಿಸಿದರೆ ಒಳವ್ಯಾಸ, ಗೊತ್ತಲ್ಲ), ಪುಲ್ಲಿ ಬೋರ್ ದೊಡ್ಡದು ಮಾಡಬೇಕು, ಸೀಸನ್ ನಡುವೆ ಗಿರಣಿ ಬಂದ್.

ಅದಕ್ಕೆ ಇನ್ನೊಂದು ದಾರಿ ನೋಡಿದೆ. ಪುಲ್ಲಿಯನ್ನೇ ಬೇರಿಂಗ್ ಕಡೆ ಸರಿಸಿ, 150 ಇದ್ದಿದ್ದನ್ನು 80 ಮಾಡಿದರೆ ಮೊಮೆಂಟ್ 127.4ಕ್ಕೆ ಇಳಿಯುತ್ತೆ. ಹೊಡೆತದ ಗುಣಕ ಹಾಕಿದ ಮೇಲೂ ಸಮಾನ ಟಾರ್ಕ್ 311, ಶಿಯರ್ 37. ಹಳೇ ಅಳತೆಯ ಶಾಫ್ಟೇ ಸಾಕು! ಹಾಗೇ ಮಾಡಿದ್ವಿ. ಮೋಟರನ್ನೂ 70 ಮಿ.ಮೀ. ಸರಿಸಿ, ಎರಡು ಪುಲ್ಲಿಗೂ ದಾರ ಹಿಡಿದು ನೇರ ನೋಡಿದ್ವಿ. ಹೊಸ ಶಾಫ್ಟಿನ ಕೀವೇಯನ್ನು ಬೇರಿಂಗ್‌ಗೆ ಮುಟ್ಟದ ಹಾಗೆ ಮುಂಚೆಯೇ ನಿಲ್ಲಿಸಿದೆ. ಮೊದಲು ಸುಮ್ನೆ ಬೇರಿಂಗ್ ತನಕ ಎಳೆದು ಕೊರೆದಿದ್ದು ನಾನೇ. ಮೊಮೆಂಟ್ ಅತಿ ಜಾಸ್ತಿ ಇರೋ ಜಾಗದಲ್ಲೇ ಚೂಪು ಮೂಲೆ ಮಾಡಿಕೊಟ್ಟಿದ್ದೆ.

ಮಾವನಿಗೆ ಹೇಳಿದ್ದು ಒಂದೇ: ಬೆಲ್ಟ್ ಜಾರಿದರೆ ಸಿಕ್ಕಾಪಟ್ಟೆ ಬಿಗಿ ಮಾಡಬೇಡ. ಬಿಗಿ ಮಾಡಿದರೆ ಎರಡೂ ಬದಿಯ ಜಗ್ಗು ಏರುತ್ತೆ, ಟಾರ್ಕ್ ಅಷ್ಟೇ ಇರುತ್ತೆ, ಬಾಗುವಿಕೆ ಮಾತ್ರ ಜಾಸ್ತಿ ಆಗುತ್ತೆ. "ಮತ್ತ ಜಾರಿದ್ರ ಏನ್ ಮಾಡ್ಲಿ?" ಅಂದ. ಬೆಲ್ಟ್ ನೋಡಿದೆ, ಖಾರಪುಡಿ ಮೆತ್ತಿ ನುಣ್ಣಗೆ ಹೊಳೀತಿತ್ತು. ಹೊಸಾದು ಹಾಕಿಸು ಅಂದೆ.