ಬೀಟಲ್ ಎಂಜಿನ್ ಕಟ್ಟಿಕೊಂಡು ಹಾರಿದ್ದು

ಕಾರಿನ ಎಂಜಿನ್ ಹಾಕಿ ವಿಮಾನ ಮಾಡ್ತಿದೀನಿ ಅಂತ ಫೋನಿನಲ್ಲಿ ಹೇಳಿದಾಗ ಅಪ್ಪ ಕೇಳಿದ್ದು ಒಂದೇ ಪ್ರಶ್ನೆ. "ಗೇರ್‌ಬಾಕ್ಸ್ ಎಲ್ಲಿ ಇಡ್ತೀಯೋ?"

ಅರಸೀಕೆರೆಯಲ್ಲಿ ಅಂಬಾಸಡರ್, ಮೆಟಡೋರ್ ಬಿಚ್ಚಿ ಜೋಡಿಸಿದವರು ಅವರು. ಬೇರೆಯವರು "ಬಿದ್ದರೆ ಏನ್ ಗತಿ" ಅಂದರೆ ಅವರಿಗೆ ಗೇರ್‌ಬಾಕ್ಸಿನ ಚಿಂತೆ. ಅದು ಸರಿಯಾದ ಚಿಂತೆಯೇ.

ಇವತ್ತಿನ ಕಾರಿನ ಎಂಜಿನ್ ಪೂರ್ತಿ ಶಕ್ತಿ ಕೊಡುವುದು ನಿಮಿಷಕ್ಕೆ ಐದಾರು ಸಾವಿರ ಸುತ್ತಿನಲ್ಲಿ. ಅದಕ್ಕೆ ನೇರವಾಗಿ 1.8 ಮೀಟರಿನ ಪ್ರೊಪೆಲ್ಲರ್ ಕಟ್ಟಿ 5,500 ಸುತ್ತು ಓಡಿಸಿದರೆ ಅದರ ತುದಿ ಸೆಕೆಂಡಿಗೆ 500 ಮೀಟರ್ ದಾಟುತ್ತದೆ. ಶಬ್ದದ ವೇಗವೇ ಸುಮಾರು 340. ತುದಿ ಆ ವೇಗದ ಹತ್ತಿರ ಬಂದರೆ ಪ್ರೊಪೆಲ್ಲರ್ ಕಿರುಚುತ್ತದೆಯೇ ಹೊರತು ಎಳೆಯುವುದಿಲ್ಲ. ಸುಬಾರು ಎಂಜಿನ್ ಹಾಕುವವರು ಇದಕ್ಕೇ ಬೆಲ್ಟೋ ಗೇರೋ ಇಟ್ಟು ಸುತ್ತು ಇಳಿಸುತ್ತಾರೆ. ನನಗೆ ಆ ಭಾರವೂ ಬೇಡ, ಮುರಿಯಬಹುದಾದ ಇನ್ನೊಂದು ಭಾಗವೂ ಬೇಡ ಅನ್ನಿಸಿತು.

ಹಾಗಾಗಿ ಫೋಕ್ಸ್‌ವ್ಯಾಗನ್ ಬೀಟಲ್ ಕಾರಿನ ಎಂಜಿನ್. ಗಾಳಿಯಲ್ಲೇ ತಣಿಯುವಂಥದ್ದು, ರೇಡಿಯೇಟರ್ ಇಲ್ಲ, ಮಲಗಿಸಿದ ನಾಲ್ಕು ಸಿಲಿಂಡರ್. ಬೀಟಲ್‌ನಲ್ಲಿ ಅದು 1,600 ಸಿಸಿ. ವಿಮಾನಕ್ಕೆ ಬೋರ್, ಅಂದರೆ ಸಿಲಿಂಡರಿನ ಅಗಲ, 92 ಮಿಮೀ, ಸ್ಟ್ರೋಕ್, ಅಂದರೆ ಪಿಸ್ಟನ್ ಓಡುವ ದೂರ, 82 ಮಿಮೀ ಮಾಡಿ 2,180 ಸಿಸಿಗೆ ಏರಿಸುತ್ತಾರೆ. 3,400 ಸುತ್ತಿನಲ್ಲಿ 80 ಅಶ್ವಶಕ್ತಿ. 54 ಇಂಚಿನ ಪುಟ್ಟ ಮರದ ಪ್ರೊಪೆಲ್ಲರ್ ಸಾಕು. ತುದಿಯ ವೇಗ ಸುಮಾರು 245 ಮೀಟರ್, ಗೇರ್‌ಬಾಕ್ಸ್ ಬೇಡ. ಬೆಂಗಳೂರಿನ ಎಚ್‌ಎಎಲ್ ಮಾಡಿದ ಪುಷ್ಪಕ್ ಅನ್ನುವ ಪುಟ್ಟ ವಿಮಾನಕ್ಕೆ ಇದ್ದದ್ದೂ 90 ಅಶ್ವಶಕ್ತಿ ಅಷ್ಟೇ. "ಅಷ್ಟರಲ್ಲೇ ಇಬ್ಬರು ಹಾರ್ತಿದ್ರು" ಅಂದಮೇಲೆ ಅಪ್ಪ ಸುಮ್ಮನಾದರು.

ನಾನಿರುವುದು ವಿಸ್ಕಾನ್ಸಿನ್‌ನಲ್ಲಿ. ಸ್ವಂತ ವಿಮಾನ ಕಟ್ಟುವವರ ಸಂಘ ಇಎಎ 1953ರಲ್ಲಿ ಹುಟ್ಟಿದ್ದು ಇಲ್ಲಿನ ಮಿಲ್ವಾಕಿಯಲ್ಲಿ. ಅವರ ದೊಡ್ಡ ಜಾತ್ರೆ ಪ್ರತಿ ಬೇಸಿಗೆ ಆಶ್‌ಕಾಷ್‌ನಲ್ಲಿ. ಅಲ್ಲಿ ನೋಡಿಯೇ ಸೋನೆಕ್ಸ್ ಅನ್ನುವ ವಿಮಾನ ಆರಿಸಿಕೊಂಡೆ. ಅಕ್ಕಪಕ್ಕ ಎರಡು ಸೀಟು, ಅಲ್ಯೂಮಿನಿಯಂ ಮೈ. ಇಲ್ಲಿನ ಕಾನೂನಿನಂತೆ ಅರ್ಧಕ್ಕಿಂತ ಜಾಸ್ತಿ ಕೆಲಸ ಹವ್ಯಾಸಿಯ ಕೈಯಿಂದಲೇ ಆಗಿರಬೇಕು. ಐದು ಚಳಿಗಾಲ ರಿವೆಟ್ ಹೊಡೆದೆ, ಪ್ರತಿ ಹಂತದ ಫೋಟೋ ತೆಗೆದಿಟ್ಟೆ. ಅದರ ಬಗ್ಗೆ ಹೇಳುವಂಥದ್ದು ಏನಿಲ್ಲ. ತೂತು, ರಿವೆಟ್, ತೂತು, ರಿವೆಟ್.

ಎಂಜಿನ್ ಜೋಡಿಸಿದ್ದು ಮಾತ್ರ ಹಬ್ಬ. ಪ್ರೊಪೆಲ್ಲರ್ ಕೂರುವ ಲೋಹದ ಹಬ್ ಅನ್ನು ಕಾಯಿಸಿ, ಎಂಜಿನ್ನಿನ ತಿರುಗುವ ದಂಡವಾದ ಕ್ರ್ಯಾಂಕಿನ ಮೇಲೆ ಇಳಿಸಬೇಕು, ತಣಿದಾಗ ಅದೇ ಬಿಗಿದು ಹಿಡಿಯುತ್ತದೆ. ಹೆಂಡತಿ ಊರಿಗೆ ಹೋಗಿದ್ದಾಗ ಅಡುಗೆಮನೆಯ ಓವನ್‌ನಲ್ಲೇ ಕಾಯಿಸಿದೆ. ಜನವರಿಯ ಗ್ಯಾರೇಜಿನಲ್ಲಿ ಕ್ರ್ಯಾಂಕ್ ಮಂಜಿನಂತೆ ಕೊರೆಯುತ್ತಿತ್ತು. ಹಬ್ ಸೊಂಯ್ ಅಂತ ಕೂತಿತು. ವಿಡಿಯೋ ನೋಡಿ ಅಪ್ಪ ಅಂದರು, "ಎತ್ತಿನ ಗಾಡಿ ಚಕ್ರಕ್ಕೆ ಕಬ್ಬಿಣದ ಪಟ್ಟಿ ಕಾಯಿಸಿ ಹಾಕ್ತಾರಲ್ಲ, ಅದೇ ಅಲ್ವೇನೋ ಇದು!"

ನಾನು ಎಡವಿದ್ದು ಬಿಸಿಯಲ್ಲಿ. ಕಾರು ದಾರಿಯಲ್ಲಿ ಹೋಗುವಾಗ ಎಂಜಿನ್ ತನ್ನ ಶಕ್ತಿಯ ಸ್ವಲ್ಪ ಭಾಗ ಮಾತ್ರ ಕೊಡುತ್ತಿರುತ್ತದೆ. ಘಾಟಿ ಹತ್ತಿದರೂ ಆಮೇಲೆ ಇಳಿಜಾರು ಸಿಗುತ್ತದೆ. ವಿಮಾನದಲ್ಲಿ ಹತ್ತುವಾಗ ಪೂರ್ತಿ, ನೆಟ್ಟಗೆ ಹೋಗುವಾಗಲೂ ಮುಕ್ಕಾಲು ಶಕ್ತಿ, ಗಂಟೆಗಟ್ಟಲೆ. ಬೀಟಲ್‌ನಲ್ಲಿದ್ದ ಫ್ಯಾನ್ ಕೂಡ ಇಲ್ಲಿಲ್ಲ. ಮೂಗಿನ ತೂತುಗಳಿಂದ ನುಗ್ಗುವ ಗಾಳಿಯನ್ನು ಬ್ಯಾಫಲ್ ಅನ್ನುವ ತಗಡುಗಳು ತಡೆದು ಸಿಲಿಂಡರುಗಳ ಮೈಮೇಲಿನ ತೆಳು ಲೋಹದ ಪಟ್ಟಿಗಳ ನಡುವೆ ಹರಿಸಬೇಕು.

ಮೊದಲ ಹಾರಾಟದಲ್ಲೇ ಎರಡು ಆಶ್ಚರ್ಯ. ಒಂದು ಗೊತ್ತಿದ್ದದ್ದೇ. ಈ ಎಂಜಿನ್, ನಾನು ಹಾರಲು ಕಲಿತ ಸೆಸ್ನಾ ವಿಮಾನದ ಎಂಜಿನ್ನಿಗೆ ಉಲ್ಟಾ ತಿರುಗುತ್ತದೆ. ಟೇಕಾಫ್‌ನಲ್ಲಿ ಮೂಗು ನೇರ ಇಡಲು ಬಲಗಾಲಿನ ಪೆಡಲ್ ಒತ್ತಿ ಕಲಿತವನು ಎಡಗಾಲು ಒತ್ತಬೇಕು. ಗೊತ್ತಿದ್ದೂ ಬಲಗಾಲೇ ಒತ್ತಿದೆ, ರನ್‌ವೇ ಅಂಚಿನವರೆಗೆ ಹೋಗಿ ಸುಧಾರಿಸಿಕೊಂಡೆ. ಇನ್ನೊಂದು, ಹತ್ತುತ್ತಿದ್ದಂತೆ ಮೂರನೇ ಸಿಲಿಂಡರಿನ ಹೆಡ್, ಅಂದರೆ ತುದಿಯ ಮುಚ್ಚಳ, 440 ಫ್ಯಾರನ್‌ಹೀಟ್ ಮುಟ್ಟಿತು. ಉಳಿದ ಮೂರೂ 380ರ ಆಸುಪಾಸಿನಲ್ಲಿ ತಣ್ಣಗಿದ್ದವು. ಥ್ರಾಟಲ್ ಇಳಿಸಿ, ಒಂದು ಸುತ್ತು ಹಾಕಿ ಇಳಿದೆ.

ಮಿಕ್ಸ್ಚರ್ ತೆಳುವಾಗಿದೆ, ಅಂದರೆ ಗಾಳಿಗೆ ಬೆರೆಯುವ ಇಂಧನ ಕಡಿಮೆಯಾಗಿದೆ ಅಂದುಕೊಂಡು ಒಂದು ವಾರ ಕಾರ್ಬುರೇಟರಿನ ಸೂಜಿ ತಿರುಗಿಸುತ್ತಾ ಕೂತೆ. ಏನೂ ಬದಲಾಗಲಿಲ್ಲ. ಪಕ್ಕದ ಹ್ಯಾಂಗರಿನ ಅಜ್ಜನೊಬ್ಬ ಬಂದು ಎಂಜಿನ್ ಮುಚ್ಚುವ ಕೌಲಿಂಗ್ ಒಳಗೆ ಒಂದು ಬಲ್ಬ್ ಇಡು, ಹ್ಯಾಂಗರಿನ ದೀಪ ಆರಿಸು ಅಂದ. ಆರಿಸಿದರೆ, ಬ್ಯಾಫಲ್ ಮೂಲೆಯಿಂದ ಹೆಂಚಿನ ಸಂದಿಯ ಬಿಸಿಲಿನ ಹಾಗೆ ಬೆಳಕು ಸೋರುತ್ತಿದೆ! ಕಿರುಬೆರಳು ತೂರುವಷ್ಟು ಸಂದಿ. ಗಾಳಿ ಸಿಲಿಂಡರಿಗೆ ಹೋಗುವ ಬದಲು ಅಲ್ಲಿಂದ ಓಡಿಹೋಗುತ್ತಿತ್ತು. ಬಿಸಿ ತಡೆಯುವ ಕೆಂಪು ಸಿಲಿಕೋನ್ ಬಳಿದು, ರಬ್ಬರ್ ಪಟ್ಟಿ ಹೊಸದು ಹಾಕಿದೆ. ಮುಂದಿನ ಹತ್ತುವಿಕೆಯಲ್ಲಿ 390. ಕಟ್ಟಿದವನು ನಾನೇ, ಬೈಯಲು ಬೇರೆ ಯಾರೂ ಸಿಗಲಿಲ್ಲ.

ಮೊದಲ ಹಾರಾಟಕ್ಕೂ ಮುಂಚೆ ಮಾಡಿದ ಒಂದು ಪರೀಕ್ಷೆಯನ್ನು ಯಾರೂ ಬಿಡಬೇಡಿ. ಟ್ಯಾಂಕಿನಿಂದ ಇಂಧನ ತಾನಾಗಿ ಇಳಿದುಬರುವ ವಿಮಾನವಾದರೆ, ಮೂಗು ಪೂರ್ತಿ ಮೇಲೆತ್ತಿ ನಿಲ್ಲಿಸಿ, ಪೈಪ್ ಬಿಚ್ಚಿ ಬಕೆಟ್ಟಿಗೆ ಬಿಟ್ಟು ಅಳೆಯಬೇಕು. ಪೂರ್ತಿ ಥ್ರಾಟಲ್‌ನಲ್ಲಿ ಎಂಜಿನ್ ಕುಡಿಯುವುದರ ಒಂದೂವರೆ ಪಟ್ಟು ಬರಬೇಕು. ನೆಲದ ಮೇಲೆ ಚೆನ್ನಾಗಿ ಓಡುವ ಎಂಜಿನ್, ಮೂಗು ಎತ್ತಿದಾಗ ಬಾಯಾರಿ ನಿಂತರೆ ಕೆಳಗೆ ಮರಗಳೇ.

ಎಂಜಿನ್ನೂ ಪ್ರೊಪೆಲ್ಲರೂ ಸರ್ಟಿಫೈ ಆದ ಜೋಡಿಯಾದರೆ 25 ಗಂಟೆ ಸಾಕು, ನನ್ನಂಥದ್ದಕ್ಕೆ 40 ಗಂಟೆ ಒಬ್ಬನೇ ಹಾರಿ ಪರೀಕ್ಷಿಸಬೇಕಿತ್ತು. ಈ ಎಂಜಿನ್ ಮುದ್ದು ಕೇಳುತ್ತದೆ. ಹೆಡ್ ನಟ್ ಬಿಗಿ, ವಾಲ್ವ್ ಸಂದಿ ಆಗಾಗ ನೋಡುತ್ತಿರಬೇಕು. ಎಕ್ಸಾಸ್ಟ್ ವಾಲ್ವ್ ಸಂದಿ ಪದೇ ಪದೇ ಕಡಿಮೆಯಾಗುತ್ತಿದ್ದರೆ ವಾಲ್ವೋ ಸೀಟೋ ಸವೆಯುತ್ತಿದೆ ಅಂತ ಅರ್ಥ.

ನಲವತ್ತು ಗಂಟೆ ಮುಗಿದ ವರ್ಷ ಅಪ್ಪ ಇಲ್ಲಿಗೆ ಬಂದರು. ಸೀಟಿನ ಮುಂದಿನ ಫಲಕ ಬೆರಳಿಟ್ಟು ಓದಿದರು. ಇದು ಹವ್ಯಾಸಿ ಕಟ್ಟಿದ್ದು, ಮಾಮೂಲಿ ವಿಮಾನಗಳ ಸುರಕ್ಷತಾ ನಿಯಮಕ್ಕೆ ಒಳಪಟ್ಟಿಲ್ಲ ಅಂತ ಪ್ರಯಾಣಿಕರಿಗೆ ಕಾಣುವಂತೆ ಬರೆಯಲೇಬೇಕು.

"ಸತ್ಯ ಬರ್ದಿದೀಯ, ಪರವಾಗಿಲ್ಲ" ಅಂತ ಬೆಲ್ಟ್ ಹಾಕಿಕೊಂಡರು.

ಎಂಜಿನ್ ಹಚ್ಚಿದೆ. ಒಂದು ನಿಮಿಷ ತಲೆ ವಾಲಿಸಿ ಕೇಳಿದರು. "ಆಫ್ ಮಾಡು. ಟ್ಯಾಪೆಟ್ ಸದ್ದು ಜಾಸ್ತಿ."

ಏನಿಲ್ಲ ಅಪ್ಪ ಅಂದರೂ ಕೇಳಲಿಲ್ಲ. ತಣಿದ ಮೇಲೆ ಕವರ್ ಬಿಚ್ಚಿ, ಸಂದಿ ಅಳೆಯುವ ಫೀಲರ್ ಗೇಜ್ ತೂರಿಸಿದೆ. ಎರಡನೇ ಸಿಲಿಂಡರಿನ ಇನ್‌ಟೇಕ್ ವಾಲ್ವಿನ ಲಾಕ್ ನಟ್ ಸಡಿಲವಾಗಿತ್ತು. ಸ್ಪ್ಯಾನರಿಗೆ ಅವರೇ ಕೈ ಚಾಚಿದರು. ಹಾರಿದ್ದು ಮರುದಿನ ಬೆಳಗ್ಗೆ.