ಅರಿವು ಕೇಂದ್ರದಲ್ಲೊಂದು ಡಿಜಿಟಲ್ ಕಲಿಕೆಯ ಮೇಜು: ಆರಂಭಿಸುವುದು, ನಡೆಸುವುದು ಹೇಗೆ?

ಉಡುಪಿ ಜಿಲ್ಲೆಯ ಕರಾವಳಿ ಗ್ರಾಮವೊಂದರ ಪಂಚಾಯತ್ ಗ್ರಂಥಾಲಯದಲ್ಲಿ, ಅಂದರೆ ಈಗ ಅರಿವು ಕೇಂದ್ರವೆಂದು ಕರೆಯಲಾಗುವ ಕೋಣೆಯಲ್ಲಿ, ಪ್ರತಿ ಶನಿವಾರ ಮಧ್ಯಾಹ್ನ ನಾವು ನಾಲ್ಕು ಮಂದಿ ಒಂದು ಮೇಜು ಹಾಕಿ ಕುಳಿತುಕೊಳ್ಳುತ್ತೇವೆ. ಮೊಬೈಲು ಕೈಯಲ್ಲಿದ್ದೂ ಅದರಿಂದ ತಮಗೆ ಬೇಕಾದ ಕೆಲಸ ಮಾಡಿಕೊಳ್ಳಲಾಗದ ಹಿರಿಯರು, ಬೀಡಿ ಕಟ್ಟುವವರು, ಮೀನು ಮಾರುವವರು ಅಲ್ಲಿಗೆ ಬರುತ್ತಾರೆ. ತಮ್ಮ ಊರಿನಲ್ಲೂ ಇಂಥದ್ದೊಂದನ್ನು ಆರಂಭಿಸಬೇಕೆನ್ನುವವರಿಗಾಗಿ ಈ ಕ್ರಮವನ್ನು ಬರೆದಿದ್ದೇನೆ.

ಮೇಜು ಹಾಕುವ ಮೊದಲು ಉದ್ದೇಶವನ್ನು ಖಚಿತಪಡಿಸಿಕೊಳ್ಳಿ. 1990ರಲ್ಲಿ ವಿಶ್ವಸಂಸ್ಥೆಯ ಅಭಿವೃದ್ಧಿ ಕಾರ್ಯಕ್ರಮವು ಮೊದಲ ಮಾನವ ಅಭಿವೃದ್ಧಿ ವರದಿಯನ್ನು ಹೊರತಂದಾಗ, ಅದರ ಹಿಂದಿದ್ದ ಅರ್ಥಶಾಸ್ತ್ರಜ್ಞ ಮಹಬೂಬ್ ಉಲ್ ಹಕ್ ಅವರು ಒಂದು ದೇಶದ ಏಳಿಗೆಯನ್ನು ಆದಾಯವೊಂದರಿಂದಲೇ ಅಳೆಯದೆ ಆಯುಷ್ಯ ಮತ್ತು ಶಿಕ್ಷಣವನ್ನೂ ಲೆಕ್ಕಕ್ಕೆ ತಂದರು; ಮನುಷ್ಯ ಏನನ್ನು ಮಾಡಬಲ್ಲ, ಏನಾಗಬಲ್ಲ ಎಂಬುದೇ ಅಭಿವೃದ್ಧಿಯ ಅಳತೆ ಎಂಬ ಅಮರ್ತ್ಯ ಸೇನ್ ಅವರ ವಿಚಾರ ಅದಕ್ಕೆ ಬುನಾದಿಯಾಗಿತ್ತು. ಕರ್ನಾಟಕದ 2005ರ ಮಾನವ ಅಭಿವೃದ್ಧಿ ವರದಿಯಲ್ಲಿ ಬೆಂಗಳೂರು ನಗರದ ನಂತರದ ಸ್ಥಾನಗಳು ದಕ್ಷಿಣ ಕನ್ನಡ ಮತ್ತು ಉಡುಪಿಯವು. ಆದರೆ ಸರಾಸರಿಯ ಹೊದಿಕೆಯಡಿ ಬಹಳಷ್ಟು ಮರೆಯಾಗುತ್ತದೆ. ತನ್ನ ಖಾತೆಗೆ ಪಿಂಚಣಿ ಬಿದ್ದಿದೆಯೇ ಎಂದು ತಿಳಿಯಲು ನೆರೆಮನೆಯ ಹುಡುಗನನ್ನು ಕಾಯಬೇಕಾದ ಅಜ್ಜಿ ನಮ್ಮ ಜಿಲ್ಲೆಯಲ್ಲೂ ಇದ್ದಾರೆ. ಆದ್ದರಿಂದ ಅರ್ಜಿ ತುಂಬಿಸಿಕೊಡುವುದನ್ನು ನಿಮ್ಮ ಕೆಲಸವೆಂದು ಇಟ್ಟುಕೊಳ್ಳಬೇಡಿ, ಅದಕ್ಕೆ ಗ್ರಾಮ ಒನ್ ಕೇಂದ್ರಗಳಿವೆ. ಬಂದವರು ಮುಂದಿನ ಸಲ ಅದೇ ಕೆಲಸಕ್ಕೆ ನಿಮ್ಮಲ್ಲಿಗೆ ಬರಬೇಕಾಗದಂತೆ ಮಾಡುವುದು ನಿಮ್ಮ ಕೆಲಸ.

ಇದಕ್ಕೆ ಮಾದರಿಯನ್ನು ಹುಡುಕಿಕೊಂಡು ದೂರ ಹೋಗಬೇಕಾಗಿಲ್ಲ. 1925ರಲ್ಲಿ ಉಡುಪಿಯಲ್ಲಿ ಹುಟ್ಟಿ ಮುಂದೆ ಸಿಂಡಿಕೇಟ್ ಬ್ಯಾಂಕ್ ಎನಿಸಿಕೊಂಡ ಸಂಸ್ಥೆಯು 1928ರಲ್ಲಿ ಪಿಗ್ಮಿ ಠೇವಣಿಯನ್ನು ಆರಂಭಿಸಿ, ದಿನಕ್ಕೆ ಎರಡಾಣೆಯಷ್ಟು ಸಣ್ಣ ಮೊತ್ತವನ್ನೂ ಮನೆಬಾಗಿಲಿಗೆ ಹೋಗಿ ಸಂಗ್ರಹಿಸಿತು. ಬ್ಯಾಂಕಿನ ಮೆಟ್ಟಿಲು ಹತ್ತಲು ಅಂಜುತ್ತಿದ್ದವರು ಉಳಿತಾಯ ಮಾಡಿದ್ದು ದಿನವೂ ಬರುವ, ಮುಖಪರಿಚಯವಿರುವ ಏಜೆಂಟನ ಮೇಲಿನ ನಂಬಿಕೆಯಿಂದ. ಡಿಜಿಟಲ್ ಕಲಿಕೆಗೂ ಬೇಕಾಗಿರುವುದು ಅದೇ: ಪರಿಚಿತ ಮುಖ, ಸಣ್ಣ ಪಾಠ, ತಪ್ಪದ ದಿನ.

ಸಹಾಯಕರನ್ನು ಆರಿಸುವಾಗ ಕಂಪ್ಯೂಟರ್ ಜ್ಞಾನಕ್ಕಿಂತ ತಾಳ್ಮೆಗೆ ಹೆಚ್ಚು ಅಂಕ ಕೊಡಿ. ನಾಲ್ವರಲ್ಲಿ ಇಬ್ಬರಾದರೂ ಮಹಿಳೆಯರಿರಲಿ. ತುಳು ಎಲ್ಲರಿಗೂ ಬರಲಿ, ಬ್ಯಾರಿ ಅಥವಾ ಕೊಂಕಣಿ ಒಬ್ಬರಿಗಾದರೂ ಬರಲಿ. ಕಲಿಯುವವರ ಫೋನು ಅವರ ಕೈಯಲ್ಲೇ ಇರಬೇಕು, ಸಹಾಯಕರು ಅದನ್ನು ಮುಟ್ಟಬಾರದು ಎಂಬ ನಿಯಮವನ್ನು ಮೊದಲ ದಿನವೇ ಗೋಡೆಗೆ ಅಂಟಿಸಿ. ನಾವು ಇದನ್ನು ಮೂರನೇ ವಾರದಲ್ಲಿ ಕಲಿತೆವು; ಅಲ್ಲಿಯವರೆಗೆ ನಮ್ಮ ಬೆರಳುಗಳು ಚುರುಕಾಗಿದ್ದವು, ಅವರ ಬೆರಳುಗಳು ಮಡಿಲಲ್ಲಿದ್ದವು. ಕಲಿಯುವವರ ಪಿನ್ ಆಗಲಿ ಒಟಿಪಿ ಆಗಲಿ ನಮ್ಮ ಪುಸ್ತಕದಲ್ಲಿ ಎಲ್ಲಿಯೂ ದಾಖಲಾಗಬಾರದು. ಇನ್ನು ಸಮಯದ ವಿಷಯ: ಜೂನ್ 1ರಿಂದ ಜುಲೈ 31ರವರೆಗಿನ 61 ದಿನ ಯಾಂತ್ರಿಕ ದೋಣಿಗಳಿಗೆ ಮೀನುಗಾರಿಕೆ ನಿಷೇಧವಿರುವುದರಿಂದ, ದಕ್ಕೆಯಲ್ಲಿ ದುಡಿಯುವವರಿಗೆ ಬಿಡುವು ಸಿಗುವುದು ಆಗಲೇ.

ಮೊದಲ ಪಾಠ ಹಣ ಕಳಿಸುವುದಲ್ಲ, ಬ್ಯಾಂಕಿನಿಂದ ಬಂದ ಸಂದೇಶವನ್ನು ಓದುವುದು. ಜಮೆ ಮತ್ತು ಖರ್ಚು ಎಂಬ ಎರಡು ಪದಗಳಿಗೆ ಇಂಗ್ಲಿಷಿನಲ್ಲಿ ಬರುವ ಕ್ರೆಡಿಟ್, ಡೆಬಿಟ್ ಅಕ್ಷರಗಳನ್ನು ಚಿತ್ರದಂತೆ ಗುರುತಿಸಲು ಕಲಿಸಿದರೆ ಅರ್ಧ ತಲೆಬಿಸಿ ಮುಗಿಯುತ್ತದೆ. 2016ರಲ್ಲಿ ಬಂದ ಯುಪಿಐ ಅನ್ನು ಕಲಿಸುವಾಗ, ಹಣ ಪಡೆಯಲು ಪಿನ್ ಹಾಕಬೇಕಾಗಿಲ್ಲ ಎಂಬ ಒಂದೇ ಮಾತನ್ನು ಹತ್ತು ಸಲ ಹೇಳಿ. ಮೋಸಹೋದವರಲ್ಲಿ ಅನೇಕರು ಎಡವಿದ್ದು ಅಲ್ಲಿಯೇ. ಕೀಪ್ಯಾಡ್ ಫೋನ್ ಇದ್ದವರನ್ನು ಹಿಂದೆ ಕಳಿಸಬೇಡಿ, ಅವರಿಗಾಗಿ 2022ರಲ್ಲಿ ಯುಪಿಐ 123ಪೇ ಎಂಬ ವ್ಯವಸ್ಥೆ ಬಂದಿದೆ.

ಹೆಚ್ಚು ಹೊತ್ತು ಹಿಡಿಯುವುದು ಸರಕಾರಿ ನೆರವಿನ ಹಣದ ವಿಷಯ. ಬೀಡಿ ಕಟ್ಟುವ ಅಕ್ಕ ಒಬ್ಬರು ಗೃಹಲಕ್ಷ್ಮಿಯ ಹಣ ನಾಲ್ಕು ತಿಂಗಳಿಂದ ಬಂದಿಲ್ಲವೆಂದು ಪಾಸ್‌ಬುಕ್ಕನ್ನು ಪ್ಲಾಸ್ಟಿಕ್ ಚೀಲದಲ್ಲಿ ಸುತ್ತಿಕೊಂಡು ಬಂದರು. ಹಣ ಬರುತ್ತಿತ್ತು, ಆದರೆ ಬೇರೆ ಖಾತೆಗೆ. ಆಧಾರ್ ಆಧಾರಿತ ಪಾವತಿಯಲ್ಲಿ ಹಣ ಸೇರುವುದು ಆಧಾರಿಗೆ ಕೊನೆಯದಾಗಿ ಜೋಡಣೆಯಾದ ಖಾತೆಗೆ. ಎಂದೋ ಯಾರೋ ತೆರೆಸಿಕೊಟ್ಟಿದ್ದ ಇನ್ನೊಂದು ಖಾತೆಯನ್ನು ಅವರು ಮರೆತೇಬಿಟ್ಟಿದ್ದರು. ಮೈಆಧಾರ್ ಜಾಲತಾಣದಲ್ಲಿ ಯಾವ ಬ್ಯಾಂಕಿಗೆ ಜೋಡಣೆಯಾಗಿದೆ ಎಂಬುದು ಕಾಣುತ್ತದೆ, ಆದ್ದರಿಂದ ಹಣ ಬಂದಿಲ್ಲವೆನ್ನುವ ಯಾರೇ ಬಂದರೂ ಮೊದಲು ಅಲ್ಲಿ ನೋಡಿಸಿ. ಇಲ್ಲಿ ಇನ್ನೊಂದು ತೊಡಕೂ ಇದೆ: ವರ್ಷಗಟ್ಟಲೆ ಎಲೆ ಕತ್ತರಿಸಿ ಸುರುಟಿದವರ ಬೆರಳಚ್ಚನ್ನು ಯಂತ್ರ ಸುಲಭವಾಗಿ ಗುರುತಿಸುವುದಿಲ್ಲ. ಕೈ ತೊಳೆದು, ಒರೆಸಿ, ಹತ್ತೂ ಬೆರಳುಗಳನ್ನು ಒಂದೊಂದಾಗಿ ಪ್ರಯತ್ನಿಸಲಿ. ಆಗಲೂ ಆಗದಿದ್ದರೆ ಆಧಾರ್ ಕೇಂದ್ರದಲ್ಲಿ ಬೆರಳಚ್ಚನ್ನು ಹೊಸದಾಗಿ ಕೊಡಿಸಿ, ಮೊಬೈಲ್ ಸಂಖ್ಯೆಯೂ ಸರಿಯಾಗಿದೆಯೇ ಎಂದು ಅಲ್ಲಿಯೇ ನೋಡಿಕೊಳ್ಳಲು ಹೇಳಿ.

ಬೆರಳಿನ ಬದಲು ಮುಖ ಗುರುತಿಸುವ ತಂತ್ರಜ್ಞಾನವು ನಿಜವಾಗಿ ಉಪಕಾರ ಮಾಡಿರುವುದು ಪಿಂಚಣಿದಾರರಿಗೆ. ಪಿಂಚಣಿದಾರರು ಬದುಕಿದ್ದಾರೆಂದು ದೃಢೀಕರಿಸುವ ಪತ್ರವನ್ನು ಡಿಜಿಟಲ್ ಆಗಿ ಕೊಡಲು 2014ರಲ್ಲಿ ಆರಂಭವಾದ ಜೀವನ್ ಪ್ರಮಾಣ್ ವ್ಯವಸ್ಥೆಗೆ 2021ರಲ್ಲಿ ಈ ಸೌಲಭ್ಯ ಸೇರಿತು. ಕೇಂದ್ರದ ಪಿಂಚಣಿ ಪಡೆಯುವವರು ನವೆಂಬರಿನಲ್ಲಿ ಆಧಾರ್ ಸಂಖ್ಯೆ, ಪಿಪಿಒ (ಪಿಂಚಣಿ ಪಾವತಿ ಆದೇಶ) ಸಂಖ್ಯೆ, ಖಾತೆ ಸಂಖ್ಯೆಗಳೊಂದಿಗೆ ಬಂದರೆ ಸಾಕು, ಸಹಾಯಕರ ಆಂಡ್ರಾಯ್ಡ್ ಫೋನಿನಲ್ಲೇ ಕೆಲಸವಾಗುತ್ತದೆ. ಕಲಿಯುವವರೇ ತಮ್ಮ ಫೋನಿನಲ್ಲಿ ಮಾಡಬೇಕೆಂಬ ನಮ್ಮ ಕ್ರಮಕ್ಕೆ ಇದು ನಾವು ಒಪ್ಪಿಕೊಂಡ ಒಂದೇ ವಿನಾಯಿತಿ. ಅವರನ್ನು ಕಿಟಕಿಗೆ ಬೆನ್ನು ಹಾಕಿ ಕೂರಿಸಬೇಡಿ, ಬೆಳಕು ಮುಖದ ಮೇಲೆ ಬೀಳಬೇಕು. ಕಣ್ಣು ಮಿಟುಕಿಸಲು ಹೇಳಿದಾಗ ಹಿರಿಯರು ನಾಚಿ ನಗುತ್ತಾರೆ, ಎರಡನೇ ಸಲ ಸರಿಯಾಗುತ್ತದೆ.

ಆರೋಗ್ಯದ ಮಟ್ಟಿಗೆ ಎರಡು ವಿಷಯಗಳನ್ನು ಕಲಿಸಿದರೆ ಸಾಕೆಂದು ನನ್ನ ಅಭಿಪ್ರಾಯ: ಇ-ಸಂಜೀವಿನಿಯ ಮೂಲಕ ವೈದ್ಯರೊಂದಿಗೆ ವೀಡಿಯೊದಲ್ಲಿ ಮಾತನಾಡುವುದು, ಮತ್ತು ಮನಸ್ಸಿಗೆ ತೀರಾ ಕಷ್ಟವಾದಾಗ 14416 ಸಂಖ್ಯೆಯ ಟೆಲಿ-ಮಾನಸ್‌ಗೆ ಕರೆ ಮಾಡುವುದು. ಎದೆನೋವು, ಪೆಟ್ಟು, ಹಾವು ಕಡಿತಕ್ಕೆ ಫೋನು ಹಿಡಿದು ಕೂರಬಾರದು, 108ಕ್ಕೆ ಕರೆ ಮಾಡಬೇಕು.

ಧ್ವನಿಯಿಂದ ಟೈಪ್ ಮಾಡುವ ಸೌಲಭ್ಯವನ್ನು ಎರಡನೇ ತಿಂಗಳಲ್ಲಿ ತೋರಿಸಿ. ಅಕ್ಷರ ಕಲಿಯದವರಿಗೆ ಇದರಷ್ಟು ದೊಡ್ಡ ಬಾಗಿಲು ಬೇರೆ ತೆರೆದದ್ದನ್ನು ನಾನು ನೋಡಿಲ್ಲ. ಕನ್ನಡದಲ್ಲಿ ಇದು ಚೆನ್ನಾಗಿಯೇ ನಡೆಯುತ್ತದೆ, ಮನೆಯಲ್ಲಿ ತುಳು ಆಡುವವರು ಮಾತ್ರ ಮೊದಮೊದಲು ತಡವರಿಸುತ್ತಾರೆ. ಗೂಗಲ್ ಅನುವಾದಕ್ಕೆ 2024ರ ಜೂನ್‌ನಲ್ಲಿ ತುಳು ಸೇರಿದ್ದು ಸಂತೋಷದ ವಿಷಯವೇ ಆದರೂ ಔಷಧದ ಚೀಟಿ, ಸಾಲದ ಪತ್ರಗಳನ್ನು ಅದರ ಮೇಲೆ ಭಾರ ಹಾಕಿ ಅರ್ಥಮಾಡಿಕೊಳ್ಳುವಂತಿಲ್ಲ. ಕೃತಕ ಬುದ್ಧಿಮತ್ತೆಯ ಉತ್ತರಗಳಿಗೂ ಇದೇ ಎಚ್ಚರ ಬೇಕು; ಅದು ತಪ್ಪನ್ನೂ ಅಷ್ಟೇ ವಿನಯದಿಂದ ಹೇಳುತ್ತದೆ.

ವಂಚನೆಯ ಪಾಠಕ್ಕೆ ಒಂದು ಇಡೀ ಶನಿವಾರವನ್ನು ಮೀಸಲಿಡಿ. ವೀಡಿಯೊ ಕರೆಯಲ್ಲಿ ಪೊಲೀಸ್ ಸಮವಸ್ತ್ರ ತೊಟ್ಟು ಡಿಜಿಟಲ್ ಅರೆಸ್ಟ್ ಎಂದು ಹೆದರಿಸುತ್ತಾರೆ, ನಮ್ಮ ಕಾನೂನಿನಲ್ಲಿ ಅಂಥ ಬಂಧನವೇ ಇಲ್ಲ. ಸಹಾಯಕರೊಬ್ಬರು ವಂಚಕನಂತೆ ಕರೆ ಮಾಡಿ, ಕಲಿಯುವವರು ಕರೆ ಕತ್ತರಿಸುವುದನ್ನು ಅಭ್ಯಾಸ ಮಾಡಲಿ. ದೊಡ್ಡವರ ಮಾತಿನ ನಡುವೆ ಫೋನ್ ಇಡುವುದು ಮರ್ಯಾದೆಯಲ್ಲವೆಂದು ಬೆಳೆದವರಿಗೆ ಇದು ಅಂದುಕೊಂಡಷ್ಟು ಸುಲಭವಲ್ಲ. ಹಣ ಹೋದ ತಕ್ಷಣ ಸೈಬರ್ ವಂಚನೆಯ ಸಹಾಯವಾಣಿ 1930ಕ್ಕೆ ಕರೆ ಮಾಡಿ ವಹಿವಾಟಿನ ಸಂಖ್ಯೆಯನ್ನು ಹೇಳಬೇಕು, ತಡವಾದಷ್ಟೂ ಹಣವನ್ನು ತಡೆಹಿಡಿಯುವುದು ಕಷ್ಟವಾಗುತ್ತದೆ.

ಕೊನೆಯದಾಗಿ ಹಾಜರಿ ಪುಸ್ತಕ. ಹೆಸರು, ದಿನಾಂಕ, ಕಲಿತ ಕೆಲಸ ಎಂಬ ಮೂರು ಕಾಲಂಗಳ ಪಕ್ಕದಲ್ಲಿ, ಯಾರ ಸಹಾಯವೂ ಇಲ್ಲದೆ ಅದನ್ನು ಮಾಡಿ ತೋರಿಸಿದ ದಿನ ಎಂಬ ನಾಲ್ಕನೆಯದೊಂದು ಇರಲಿ. ಪಂಚಾಯತ್‌ಗೆ ವರದಿ ಕೊಡುವಾಗ ಬಂದವರ ಸಂಖ್ಯೆಯನ್ನು ಬಿಟ್ಟು ಈ ನಾಲ್ಕನೆಯ ಕಾಲಂ ಅನ್ನೇ ಎಣಿಸಿ, ಮತ್ತು ಅದು ತುಂಬಿದವರನ್ನು ಮುಂದಿನ ತಂಡಕ್ಕೆ ಸಹಾಯಕರಾಗಿ ಕರೆಯಿರಿ. ನಮ್ಮಲ್ಲಿ ಈಗ ಪಿನ್ ಬಗ್ಗೆ ಪಾಠ ಹೇಳುವವರು ಮೀನು ಮಾರುವ ಒಬ್ಬರು ಅಮ್ಮ. ಪಿನ್ ಅಂದರೆ ಕಪಾಟಿನ ಬೀಗದ ಕೈ, ಕಪಾಟಿಗೆ ಹಣ ಹಾಕಲು ಬರುವವನು ನಮ್ಮ ಬೀಗದ ಕೈಯನ್ನು ಯಾಕೆ ಕೇಳುತ್ತಾನೆ ಎಂದು ಅವರು ತುಳುವಿನಲ್ಲಿ ಕೇಳಿದರೆ, ನಾವು ಅರ್ಧ ಗಂಟೆ ವಿವರಿಸಿದ್ದು ಅಲ್ಲಿಗೆ ಮುಗಿಯುತ್ತದೆ.