ಎರಡು ಮೀಟರ್ ಪ್ಯಾಸೇಜಿಗೆ ಎಂಟು ತಿಂಗಳ ಕಾಗದ

ದಕ್ಷಿಣ ಲಂಡನ್ನಿನಲ್ಲಿ ನಾವಿರುವುದು ವಿಕ್ಟೋರಿಯಾ ಕಾಲದ ಸಾಲುಮನೆಯೊಂದರಲ್ಲಿ. ಒಂದೇ ಸಂಸಾರಕ್ಕೆಂದು ಕಟ್ಟಿದ್ದನ್ನು ಆಮೇಲೆ ಯಾರೋ ಎರಡು ಫ್ಲ್ಯಾಟ್ ಮಾಡಿದ್ದಾರೆ. ಕೆಳಗೆ ನಾವು, ಮೇಲೆ ಎಪ್ಪತ್ತು ದಾಟಿದ ಒಬ್ಬ ಹೆಂಗಸು. ಬೀದಿಬಾಗಿಲು ಒಂದೇ. ಒಳಗೆ ಬಂದರೆ ಪ್ಯಾಸೇಜು, ಪಕ್ಕದಲ್ಲಿ ಅವರ ಮೆಟ್ಟಿಲು, ಕೊನೆಗೆ ನಮ್ಮ ಬಾಗಿಲು. ಅಲ್ಲೇ ನಮ್ಮ ಚಪ್ಪಲಿ, ಮಗುವಿನ ತಳ್ಳುಗಾಡಿ. ಗಾಡಿ ಮೆಟ್ಟಿಲ ಬುಡದವರೆಗೂ ಬರುತ್ತಿತ್ತು. ಬೆಂಕಿ ಬಿದ್ದರೆ ಅವರಿಗೆ ಹೊರಗೋಡಲು ಅದೊಂದೇ ದಾರಿ ಎನ್ನುವುದು ಹೊಳೆದ ಮೇಲೆ ನನಗೆ ಸಮಾಧಾನವಿರಲಿಲ್ಲ. ನಮ್ಮ ಬಾಗಿಲನ್ನೇ ಎರಡೂವರೆ ಮೀಟರ್ ಮುಂದಕ್ಕೆ ತಂದು, ಆ ಜಾಗವನ್ನು ಒಳಗೆ ಸೇರಿಸಿಕೊಳ್ಳೋಣ ಎಂದುಕೊಂಡೆ.

ಬೆಂಗಳೂರಿನಲ್ಲಿ ‘ಲೀಸ್‌ಗೆ ಮನೆ’ ಅಂದರೆ ದೊಡ್ಡ ಮೊತ್ತ ಕೊಟ್ಟು, ಬಾಡಿಗೆಯಿಲ್ಲದೆ ಎರಡು ಮೂರು ವರ್ಷ ಇರುವುದು. ಇಂಗ್ಲೆಂಡಿನಲ್ಲಿ ಸಾಮಾನ್ಯವಾಗಿ ಫ್ಲ್ಯಾಟ್ ಕೊಳ್ಳುವುದೇ ಲೀಸಿನ ಮೇಲೆ, 99 ವರ್ಷಕ್ಕೋ 125 ವರ್ಷಕ್ಕೋ. ಕಟ್ಟಡ ಮತ್ತು ನೆಲದ ಮೂಲ ಒಡೆತನ, ಅಂದರೆ ಫ್ರೀಹೋಲ್ಡ್, ನಮ್ಮಲ್ಲಿ ಎರಡೂ ಮನೆಯವರ ಹೆಸರಿನಲ್ಲಿ ಜಂಟಿಯಾಗಿದೆ. ಒಡೆಯರು ನಾವೇ ತಾನೇ, ಮೇಲಿನವರು ಹೂಂ ಅಂದರೆ ಸಾಕಲ್ಲ ಎಂಬುದು ನನ್ನ ಲೆಕ್ಕ.

ಮೇಸ್ತ್ರಿಗೆ ಫೋನ್ ಮಾಡುವ ಮುಂಚೆ ಲೀಸಿನ ಪ್ಲಾನ್ ತೆಗೆದು ನೋಡಿದ್ದು ಒಳ್ಳೆಯದಾಯಿತು. ನಮ್ಮ ಲೀಸಿನ ಎಲ್ಲೆ ತೋರಿಸುವ ಕೆಂಪು ಗೆರೆ ನಮ್ಮ ಬಾಗಿಲ ಹೊಸ್ತಿಲಿಗೆ ಬಂದು ನಿಂತಿತ್ತು. ಅದರಾಚೆಯದೆಲ್ಲ ಸಾಮಾನ್ಯ ಜಾಗ, ಅದರ ಮೇಲೆ ಅವರಿಗೂ ಓಡಾಡುವ ಹಕ್ಕು. ಗೋಡೆ ಸರಿದು ಗೆರೆ ಸರಿಯದಿದ್ದರೆ, ಮುಂದೆ ಮನೆ ಮಾರುವಾಗ ಕೊಳ್ಳುವವರ ವಕೀಲರು ಅಲ್ಲೇ ಹಿಡಿಯುತ್ತಾರೆ.

ಮೊದಲು ಹೋದ ವಕೀಲರು ಲೀಸಿಗೊಂದು ತಿದ್ದುಪಡಿ ಪತ್ರ ಮಾಡಿ ಜಾಗ ಸೇರಿಸಿಬಿಡೋಣ ಅಂದರು. ಎರಡನೆಯವರು ತಡೆದರು. ಷರತ್ತು ಬದಲಾಯಿಸಲು ತಿದ್ದುಪಡಿ ಸರಿ. ಆದರೆ ಲೀಸಿನ ಜಾಗವನ್ನೋ ಅವಧಿಯನ್ನೋ ಹಿಗ್ಗಿಸಿದರೆ, ಹಳೆಯ ಲೀಸನ್ನು ಒಪ್ಪಿಸಿ ಹೊಸದನ್ನು ಪಡೆದಂತೆ ಅಂತ ಇಲ್ಲಿನ ಕಾನೂನು ಎಣಿಸುತ್ತದೆ. ಬ್ಯಾಂಕಿನ ಅಡಮಾನ ಇರುವುದು ಹಳೆಯ ಲೀಸಿನ ಮೇಲೆ, ಅದೇ ಹೋದರೆ ಹೇಗೆ! ಅವರ ಸಲಹೆಯಂತೆ ಮೂಲ ಲೀಸನ್ನು ಮುಟ್ಟದೆ, ಪ್ಯಾಸೇಜಿನ ಆ ತುಂಡಿಗಷ್ಟೇ ಪೂರಕ ಲೀಸ್ ಮಾಡಿದೆವು. ಅವಧಿ ಮೂಲ ಲೀಸಿನ ಜೊತೆಗೇ ಮುಗಿಯುತ್ತದೆ. ಕೊಡುವವರು ಎರಡೂ ಮನೆಯವರು, ಪಡೆಯುವವರು ನಾವು. ಮೇಲಿನವರ ಲೀಸಿಗೆ ಮಾತ್ರ ತಿದ್ದುಪಡಿ ಬೇಕಾಯಿತು, ಆ ತುಂಡಿನ ಮೇಲಿನ ಓಡಾಟದ ಹಕ್ಕು ಬಿಡುವುದಕ್ಕೆ.

ಕರಡು ತೋರಿಸಲು ಮೇಲೆ ಹೋದಾಗ ಅವರು ಪ್ಲಾನನ್ನು ಕಿಟಕಿಯ ಬೆಳಕಿಗೆ ಹಿಡಿದು ಬಹಳ ಹೊತ್ತು ನೋಡಿದರು. ಆಮೇಲೆ ಮೆಟ್ಟಿಲ ಕೆಳಗಿನ ಕಪಾಟಿನ ಮೇಲೆ ಬೆರಳಿಟ್ಟು, “ನನ್ನ ಕರೆಂಟ್ ಮೀಟರ್ ಇಲ್ಲಿದೆಯಲ್ಲ, ನೀವು ಊರಿಗೆ ಹೋದಾಗ ಫ್ಯೂಸ್ ಹೋದರೆ?” ಅಂದರು. ವಕೀಲರಿಗೂ ನನಗೂ ಹೊಳೆಯದಿದ್ದ ಮಾತು. ಬೀಗದ ಕೈ ಕೊಡುವ ಷರತ್ತು ಹಾಕಬಹುದಿತ್ತು. ಆದರೆ ನಾಳೆ ನಮ್ಮ ಮನೆಗೋ ಅವರ ಮನೆಗೋ ಬೇರೆಯವರು ಬಂದಾಗ ಜಗಳಕ್ಕೆ ಅದೇ ಮೂಲವಾದೀತು. ಹೊಸ ಬಾಗಿಲನ್ನು 60 ಸೆಂಟಿಮೀಟರ್ ಹಿಂದಕ್ಕೆ ತಂದು, ಮೀಟರುಗಳನ್ನು ಹೊರಗೇ ಬಿಟ್ಟೆವು. ಪ್ಲಾನ್ ಮತ್ತೆ ಬರೆಸಿದ್ದಾಯಿತು, ಅಳತೆಗೆ ಸರಿಯಾಗಿ, ಉತ್ತರ ದಿಕ್ಕಿನ ಗುರುತಿನೊಂದಿಗೆ. ‘ಗುರುತಿಗಾಗಿ ಮಾತ್ರ’ ಅಂತ ಷರಾ ಬರೆದ ಪ್ಲಾನ್ ಲ್ಯಾಂಡ್ ರಿಜಿಸ್ಟ್ರಿಗೆ, ಅಂದರೆ ಇಲ್ಲಿನ ಆಸ್ತಿ ನೋಂದಣಿ ಕಚೇರಿಗೆ, ನಡೆಯುವುದಿಲ್ಲ.

ಮೇಲಿನವರು ಬೇರೆ ವಕೀಲರನ್ನು ಇಟ್ಟುಕೊಳ್ಳಲಿ ಎಂದು ನಾನೇ ಹಟ ಹಿಡಿದೆ, ಫೀಸೂ ನಾವೇ ಕೊಟ್ಟೆವು. ವಯಸ್ಸಾದವರು ಹಕ್ಕು ಬಿಟ್ಟುಕೊಡುವಾಗ ಅವರ ಕಡೆಯಿಂದ ಒಬ್ಬರು ಓದಿ ಹೇಳಲೇಬೇಕು. ಬ್ಯಾಂಕಿನ ಒಪ್ಪಿಗೆಗೇ ಮೂರು ತಿಂಗಳು ಹೋಯಿತು.

ಸಹಿ, ಸಾಕ್ಷಿ, ನೋಂದಣಿ ಎಲ್ಲ ಮುಗಿದ ಮೇಲೇ ಗೋಡೆ ಎದ್ದಿತು. ಬಾಗಿಲು ಅರ್ಧ ಗಂಟೆ ಬೆಂಕಿ ತಡೆಯುವಂಥದ್ದು, ಹೊಗೆ ನುಸುಳದಂತೆ ಅಂಚಿಗೆ ಪಟ್ಟಿ, ತಾನೇ ಮುಚ್ಚಿಕೊಳ್ಳುವ ಸ್ಪ್ರಿಂಗು. ಬೀದಿಬಾಗಿಲನ್ನು ಮುಟ್ಟದ್ದರಿಂದ ಪ್ಲಾನಿಂಗ್ ಪರವಾನಗಿ ಬೇಕಾಗಲಿಲ್ಲ, ಕಟ್ಟಡ ನಿಯಮಗಳ ಪಾಲನೆ ನೋಡುವ ಬಿಲ್ಡಿಂಗ್ ಕಂಟ್ರೋಲಿನವರು ಬಂದು ನೋಡಿಹೋದರು. ಚಪ್ಪಲಿ ಸ್ಟ್ಯಾಂಡೂ ತಳ್ಳುಗಾಡಿಯೂ ಈಗ ಬಾಗಿಲ ಒಳಗಿವೆ, ಮೆಟ್ಟಿಲ ಬುಡ ಖಾಲಿಯಾಗಿದೆ.